ಬೋರುಗಳ ಬೀಗತನ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಪ್ರತಿ ವರ್ಷ ಬೋರ್ಡಿನ ಮೇಲೆ ಭೂಮಿಯನ್ನು ಕೊಯ್ದು ತೋರಿಸುವ ಚಿತ್ರ ಬರೆಯುತ್ತಿದ್ದೆ. ಮೇಲೆ ಮಣ್ಣು, ಅದರ ಕೆಳಗೆ ಕರಿಕಲ್ಲು, ಕಲ್ಲಿನ ಕೆಳಗೆ ನೀಲಿ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಕೆರೆ. ಅದೇ ಅಂತರ್ಜಲ. ಮಕ್ಕಳಿಗೆ ಖುಷಿಯಾಗಲಿ ಎಂದು ಆ ಕೆರೆಯಲ್ಲಿ ಎರಡು ಮೀನನ್ನೂ ಬಿಡುತ್ತಿದ್ದೆ. ಅದೆಲ್ಲ ತಪ್ಪು ಎಂದು ನನಗೆ ತಿಳಿಸಿಕೊಟ್ಟವನು ನಾಲ್ಕನೇ ಇಯತ್ತೆ ಪಾಸಾದ ಹುಲೆಪ್ಪ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಅವನ ಬಗ್ಗೆ ಬರೆಯದೆ ಸತ್ತರೆ ನನಗೆ ಸದ್ಗತಿ ಸಿಗಲಾರದು.

ನಮ್ಮೂರು ಜಮಖಂಡಿ ಹತ್ತಿರದ ಹುನ್ನೂರಿನ ಆಚೆ. ಹುಲೆಪ್ಪನಿಗೆ ಅಲ್ಲಿ ಎರಡು ಕೆಲಸ. ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಪಂಚಾಯತಿಯ ವಾಲ್ವ್‌ಮನ್. ಊರ ಬೋರಿನ ಮೋಟರು ಹಾಕಿ, ಟಾಕಿ ತುಂಬಿಸಿ, ಓಣಿ ಓಣಿಗೆ ನೀರು ಬಿಡುವವನು. ಹನ್ನೊಂದಕ್ಕೆ ಕೈಕಾಲು ತೊಳೆದು ಟೋಪಿ ಹಾಕಿಕೊಂಡನೆಂದರೆ ಮದುವೆ ದಲ್ಲಾಳಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕಿನಲ್ಲಿ ಯಾರ ಮನೆಯಲ್ಲಿ ಹುಡುಗಿ ಇದ್ದಾಳೆ, ಯಾರ ಮನೆಯ ಹುಡುಗ ಐದು ವರ್ಷದಿಂದ ಮೂವತ್ತೆರಡರಲ್ಲೇ ನಿಂತಿದ್ದಾನೆ ಎಂಬುದೆಲ್ಲ ಅವನಿಗೆ ಬಾಯಿಪಾಠ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಹುಲೆಪ್ಪ ಒಂದೂ ಸುಳ್ಳು ಹೇಳದೆ ನೂರಾ ಎಂಬತ್ತು ಮದುವೆ ಮಾಡಿಸಿದವನು. ಹುಡುಗನ ಕಿವಿ ಮಂದವಿದ್ದರೆ ಮಂದ ಎಂದೇ ಹೇಳುತ್ತಿದ್ದ. "ಹುಡುಗ ಛಲೋ ಅದಾನ್ರಿ. ಒಂದ ಕಿವಿ ಅಷ್ಟ ಕೇಳೂದಿಲ್ಲ. ಮದುವಿ ಆದ ಮ್ಯಾಲ ಅದೂ ಅನುಕೂಲನ ಆಗತೈತಿ." ಹೀಗೆ ಹೇಳಿಯೂ ಆ ಸಂಬಂಧ ಕುದುರಿತು. ಹುಲೆಪ್ಪ ಹೇಳಿದ್ದಾನೆ ಎಂದರೆ ಜನ ಮತ್ತೆ ವಿಚಾರಿಸುತ್ತಿರಲಿಲ್ಲ. ಅವನ ಆಸ್ತಿ ಅಂದರೆ ಅದೊಂದು ಹೆಸರು.

ಆ ಹೆಸರಿಗೆ ಕುತ್ತು ಬಂದದ್ದು ನೀರಿನಿಂದ. ಹೊಳೆ ನೀರಿನ ಪೈಪು ನಮ್ಮೂರ ತನಕ ಬಂದಿದೆ, ನೀರು ಮಾತ್ರ ಇನ್ನೂ ದಾರಿಯಲ್ಲಿದೆ. ಹಾಗಾಗಿ ಎಲ್ಲರ ಕೊಡಕ್ಕೂ ಊರ ಬೋರೇ ಗತಿ. ಎರಡು ವರ್ಷದಿಂದ ಶಿವರಾತ್ರಿ ದಾಟಿತೆಂದರೆ ಅದಕ್ಕೆ ಹುಚ್ಚು ಹಿಡಿಯುತ್ತಿತ್ತು. ಒಂದು ದಿನ ಟಾಕಿ ತುಂಬಿ ಹರಿಯುತ್ತಿತ್ತು, ಮರುದಿನ ಎರಡು ಓಣಿಗೆ ಬಿಡುವಷ್ಟರಲ್ಲಿ ಬುಸ್ ಬುಸ್ ಎಂದು ಗಾಳಿ ಕಾರಿ ನಿಲ್ಲುತ್ತಿತ್ತು. ಕಾರಣ ಯಾರಿಗೂ ಸಿಗಲಿಲ್ಲ. ಕಾರಣ ಸಿಗದಿದ್ದಾಗ ಮನುಷ್ಯ ಸಿಗುತ್ತಾನೆ.

ಮೊದಲು ಸಿಕ್ಕವನು ತುಕಾರಾಮ. ಅವನ ನಿಂಬೆತೋಟದ ಬೋರು ಊರ ಬೋರಿನಿಂದ ಅರವತ್ತೇ ಅಡಿ ದೂರ. ಇವನೇ ನೀರು ಎಳೆಯುತ್ತಾನೆ ಎಂದು ತಕರಾರು ಅರ್ಜಿ ಬರೆದುಕೊಟ್ಟವನು ನಾನೇ. ಅರ್ಜಿಯ ಜೊತೆಗೆ ನನ್ನ ಕೆರೆಯ ಚಿತ್ರ ಲಗತ್ತಿಸಿ, ಒಂದೇ ಲೋಟಕ್ಕೆ ಎರಡು ನಳಿಗೆ ಹಾಕಿದಂತೆ ತೋರಿಸಿದ್ದೆ. ಒಂದು ಇಡೀ ಬೇಸಿಗೆ ತುಕಾರಾಮನ ಮೋಟರು ಬಂದ್ ಮಾಡಿಸಿದರು. ಅರ್ಧ ನಿಂಬೆಗಿಡ ಒಣಗಿದವು. ಊರ ಬೋರಿನಲ್ಲಿ ಮಾತ್ರ ಒಂದು ತಂಬಿಗೆ ನೀರೂ ಹೆಚ್ಚಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದವರಲ್ಲಿ ಯಾರೂ ಅವನ ಹತ್ತಿರ ಹೋಗಿ ತಪ್ಪಾಯಿತು ಎನ್ನಲಿಲ್ಲ, ನಾನೂ ಹೋಗಲಿಲ್ಲ.

ಮರುವರ್ಷ ಸಿಕ್ಕವನು ಹುಲೆಪ್ಪ. ಯಾವ ಓಣಿಯಲ್ಲಿ ಹೆಣ್ಣು ನೋಡುವ ಕಾರ್ಯಕ್ರಮವಿದೆಯೋ ಆ ಓಣಿಗಷ್ಟೇ ನೀರು ಬಿಡುತ್ತಾನೆ, ಉಳಿದವರಿಗೆ ವಾಲ್ವು ತಿರುವಿ ಬೋರು ಬತ್ತಿತು ಎಂದು ಸುಳ್ಳು ಹೇಳುತ್ತಾನೆ ಎಂದು ಪುಕಾರು ಹುಟ್ಟಿತು. ನನ್ನ ಹೆಂಡತಿ ತುಳಸಾಬಾಯಿಯೂ ಇದನ್ನು ನಂಬಿದಳು.

"ನಮ್ಮ ಮನ್ಯಾಗ ಮದುವಿಗೆ ಬಂದವರು ಯಾರಿದ್ದಾರ? ನೀರು ಹೆಂಗ ಬರ್ತದ?" ಎಂದಳು. "ನೀವಽ ಇನ್ನೊಂದು ಮದುವಿ ಆಗ್ತೀನಿ ಅಂತ ಅವಗ ಹೇಳ್ರಿ. ಎರಡು ದಿನ ನೀರರೆ ಬರ್ಲಿ."

ಪಂಚಾಯತಿ ಅಧ್ಯಕ್ಷೆ ತಾರವ್ವ ಯುಗಾದಿ ಮುಗಿದ ರವಿವಾರಕ್ಕೆ ಗ್ರಾಮಸಭೆ ಕರೆದರು. ಹುಲೆಪ್ಪ ಸರಿಯಾದ ಕಾರಣ ಹೇಳದಿದ್ದರೆ ವಾಲ್ವಿನ ಕೀಲಿ ಕಸಿದು ಐಟಿಐ ಕಲಿತ ಪರಮಾನಂದನಿಗೆ ಕೊಡುವುದೆಂದು ಸಾರಿದರು. ಹುಲೆಪ್ಪ ನಮ್ಮ ಕಟ್ಟೆಗೆ ಬಂದು ಕೂತ.

"ಕೀಲಿ ಹೋದ್ರ ಹೋಗಲಿ ಬಿಡ್ರಿ ಮಾಸ್ತರ," ಎಂದ. "ನೀರಿನ ವಿಷಯದಾಗ ಸುಳ್ಳ ಹೇಳಾವ ಹೆಣ್ಣಿನ ವಿಷಯದಾಗ ಖರೆ ಹೇಳ್ತಾನ ಅಂತ ಯಾರ ನಂಬ್ತಾರ? ನನ್ನ ಮಾತ ಹೋತಂದ್ರ ನಾ ಹ್ವಾದಾಂಗ."

ಇಷ್ಟರಲ್ಲಿ ಒಂದು ಮದುವೆ ಬಂತು. ಶೀತಲ್ ಅಣ್ಣಾರ ಮಗಳನ್ನು ಬನಹಟ್ಟಿಯ ಹುಡುಗನಿಗೆ ಕೊಡಿಸಿದ್ದು ಹುಲೆಪ್ಪನೇ. ಶೀತಲ್ ಅಣ್ಣಾರ ಕಬ್ಬಿನ ತೋಟ ಊರಿನಿಂದ ಒಂದು ಕಿಲೋಮೀಟರಿಗೂ ದೂರ, ಹಳ್ಳ ದಾಟಿ ಗುಡ್ಡದ ಹಿಂದೆ. ಮನೆಮಂದಿ, ಆಳುಗಳು ಎಲ್ಲರೂ ಮೂರು ದಿನ ಜಮಖಂಡಿಯ ಕಲ್ಯಾಣ ಮಂಟಪದಲ್ಲಿ. ತೋಟದಲ್ಲಿ ನೋಡುವವರಿಲ್ಲ ಎಂದು ಮೋಟರು ಬಂದ್ ಇಟ್ಟಿದ್ದರು. ಆ ಮೂರೂ ದಿನ ನಮ್ಮೂರ ಟಾಕಿ ಎಂಟು ಗಂಟೆಗೇ ತುಂಬಿ ಚೆಲ್ಲಿತು. ಮದುವೆಯ ಉಡುಗೊರೆಯೆಂದು ಆಹೇರಿ ಬಟ್ಟೆ ಸಿಕ್ಕ ಖುಷಿಗೆ ಹುಲೆಪ್ಪ ನೀರು ಬಿಟ್ಟ ಎಂದರು ಜನ. ನಾಲ್ಕನೇ ದಿನ ಶೀತಲ್ ಅಣ್ಣಾ ಬಂದು ಮೋಟರು ಹಾಕಿದರು. ಹತ್ತಕ್ಕೆ ಊರ ಬೋರು ಬುಸ್ ಎಂದಿತು.

ಹುಲೆಪ್ಪ ಓಡಿ ಬಂದ. "ಮಾಸ್ತರ, ನಮ್ಮ ಬೋರಿಗೂ ಶೀತಲ್ ಅಣ್ಣಾರ ಬೋರಿಗೂ ಬೀಗತನ ಐತ್ರಿ."

ನಾನು ನಕ್ಕೆ. ಅರವತ್ತು ಅಡಿ ದೂರದ ತುಕಾರಾಮನ ಬೋರಿಗೆ ಇಲ್ಲದ ಸಂಬಂಧ ಗುಡ್ಡದ ಹಿಂದಿನ ಬೋರಿಗೆ ಎಲ್ಲಿಂದ ಬರಬೇಕು ಎಂದು ಕೇಳಿ, ಕೆರೆಯ ಪಾಠ ಮತ್ತೊಮ್ಮೆ ಮಾಡಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

"ಮಾಸ್ತರ, ನಿಮ್ಮ ಮಗ್ಗಲ ಮನಿಯವರು ನಿಮಗ ಸಂಬಂಧಿಕರೇನ್ರಿ?"

"ಅಲ್ಲ."

"ನಿಮ್ಮ ಬೀಗರು ಎಲ್ಲ್ಯಾವರು?"

"ಸಾಂಗ್ಲಿಯವರು."

"ಮತ್ತ? ಈ ಬೋರ್ ಕೊರಿಯೂವಾಗ ನಾ ಅಲ್ಲೇ ಕುಂತಿದ್ನಿ. ಮುನ್ನೂರ ಅಡಿ ತನಾ ಬರೀ ಕರಿ ಹಿಟ್ಟ ಬಂತು, ಒಂದ ಹನಿ ನೀರಿಲ್ಲ. ಆಮ್ಯಾಲ ಗ್ಯಾಪ್ ಬಿತ್ತು ಅಂದ್ರು ಗಾಡಿಯವರು, ನೀರ ಹಾರಿತು. ಒಳಗ ಕೆರಿ ಇದ್ದಿದ್ರ ಎಲ್ಲಾ ಕಡೆ ನೀರ ಬರಬೇಕಿತ್ತಲ್ರಿ. ಕಲ್ಲಿನಾಗ ಸೀಳ ಅದಾವು, ಸೀಳಿನಾಗ ನೀರ ಐತಿ. ಸೀಳ ಎತ್ತ ಹೋಗೇತಿ ಅತ್ತ ಸಂಬಂಧ. ಮಗ್ಗಲಾಗ ಇದ್ರ ಏನ ಬಂತು?"

ಅಷ್ಟು ಸಣ್ಣ ಸೀಳಿನಲ್ಲಿ ನನ್ನ ಎರಡು ಮೀನು ಎಲ್ಲಿ ಹಿಡಿಸಬೇಕು ಎಂದು ಯೋಚಿಸುತ್ತ ಕೂತೆ.

ಊರ ಮುಂದೆ ಹೇಳಲು ಪುರಾವೆ ಬೇಕಿತ್ತು. ಹೆಣ್ಣು ನೋಡಲು ಹೋದಾಗ ಆ ಮನೆಯವರನ್ನಷ್ಟೇ ಕೇಳಬಾರದು, ಸುತ್ತಲಿನ ಹತ್ತು ಮನೆ ಕೇಳಬೇಕು ಎಂಬುದು ಹುಲೆಪ್ಪನ ಕಸುಬಿನ ನಿಯಮ. ಅದನ್ನೇ ಬೋರುಗಳಿಗೂ ಹಚ್ಚಿದ. ಹೆಂಡತಿಯ ಕುಂಕುಮ ಭರಣಿಯ ಹಿತ್ತಾಳೆ ಮುಚ್ಚಳವನ್ನು ಡಬ್ಬು ಮಾಡಿ ಉದ್ದನೆಯ ಹುರಿಗೆ ಕಟ್ಟಿದ. ಪೈಪಿನ ಪಕ್ಕದ ಸಂದಿಯಲ್ಲಿ ಇಳಿಬಿಟ್ಟರೆ ನೀರು ತಾಗಿದ ಕೂಡಲೆ ಡುಬ್ ಎನ್ನುತ್ತಿತ್ತು. ಹುರಿಗೆ ಮಾರಿಗೊಂದು ಗಂಟು. ಎರಡೂ ಕೈ ಚಾಚಿದರೆ ಒಂದು ಮಾರು, ಅದೂ ಹುಲೆಪ್ಪನ ಕೈ. ಅವನು ಗಂಟು ಎಣಿಸುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಮುಖ್ಯಾಧ್ಯಾಪಕನಾಗಿ ನಿವೃತ್ತನಾದವನು ದಲ್ಲಾಳಿಯ ಕಾರಕೂನನಾದೆ.

ಹನ್ನೆರಡು ದಿನದಲ್ಲಿ ಇಪ್ಪತ್ತೆರಡು ಬೋರು ಸುತ್ತಿದೆವು. ತೊಂದರೆ ಏನೆಂದರೆ, ಹುಲೆಪ್ಪ ಅಂಗಳಕ್ಕೆ ಕಾಲಿಟ್ಟರೆ ಸಂಬಂಧ ತಂದಿದ್ದಾನೆ ಎಂದೇ ಎಲ್ಲರ ಲೆಕ್ಕ. ಮದುವೆಯಾಗದ ಗಂಡುಮಕ್ಕಳು ಒಳಗೆ ಓಡಿಹೋಗಿ ಅಂಗಿ ಬದಲಿಸಿ ಬರುತ್ತಿದ್ದರು. ಚಹಾ, ಚುರುಮುರಿ, ಮತ್ತೆ ಚಹಾ. ಬೋರು ನೋಡಬೇಕು ಎಂದರೆ ಇನ್ನೂ ಖುಷಿ, ಹುಡುಗಿಯ ಕಡೆಯವರು ನೀರಾವರಿ ವಿಚಾರಿಸಲು ಕಳಿಸಿದ್ದಾರೆಂದು. ಇಲ್ಲ, ಬರೀ ಬೋರು ನೋಡಲಿಕ್ಕೇ ಬಂದದ್ದು ಎಂದು ಹುಲೆಪ್ಪ ಪ್ರತಿ ಮನೆಯಲ್ಲೂ ಖರೆ ಹೇಳಿದ. ಒಬ್ಬರೂ ನಂಬಲಿಲ್ಲ. ಅಷ್ಟು ಚಹಾ ಕುಡಿದು ನನಗೆ ಎದೆಯುರಿ ಶುರುವಾಯಿತು.

ಹೊಸ ವಹಿ ಯಾಕೆ ಎಂದು ಅವನು ತನ್ನ ಸಂಬಂಧದ ವಹಿಯಲ್ಲೇ ಬೋರುಗಳನ್ನೂ ಬರೆಸಿದ. ಅಚ್ಚಾದ ಖಾನೆಗಳು ಇದ್ದೇ ಇದ್ದವು. ಗಿರಿಮಲ್ಲಪ್ಪನ ತೋಟದ ಬೋರಿಗೆ ನಾನು ಬರೆದದ್ದು ಹೀಗೆ: ಮನೆತನ, ಗಿರಿಮಲ್ಲಪ್ಪನವರು. ವಯಸ್ಸು ಇಪ್ಪತ್ನಾಲ್ಕು. ಬಣ್ಣ, ಮೊದಲು ಕೆಂಪು, ಆಮೇಲೆ ತಿಳಿ. ಗುಣ, ಸ್ವಲ್ಪ ಉಪ್ಪು. ಮಧ್ಯಾಹ್ನದ ಮೇಲೆ ದಮ್ಮು ಹತ್ತುತ್ತದೆ. ಒಮ್ಮೆ ಒಳಗೆ ಬಿದ್ದು ಕ್ರೇನ್ ತರಿಸಿ ಎತ್ತಿಸಿದ್ದಾರೆ. ಬಿದ್ದದ್ದು ಮೋಟರು, ಆದರೆ ಅದನ್ನು ಬರೆಯಲು ಖಾನೆಯಲ್ಲಿ ಜಾಗ ಉಳಿದಿರಲಿಲ್ಲ.

ಮಗನಿಗೆ ಹೆಣ್ಣು ಹುಡುಕುತ್ತ ಮುಧೋಳದಿಂದ ಬಂದ ತಾಯಿಯೊಬ್ಬಳ ಕೈಗೆ ವಹಿಯ ಅದೇ ಪುಟ ಸಿಕ್ಕಿತು. ಎರಡು ಸಲ ಓದಿದಳು.

"ಉಪ್ಪ ಇರಲಿ, ನಮ್ಮ ಮನ್ಯಾಗ ಎಲ್ಲಾರೂ ಖಾರನ ಅದೇವಿ, ಸರಿಹೋಗತೈತಿ," ಎಂದಳು. "ಆದ್ರ ಕ್ರೇನ್ ತಂದು ಎತ್ತೂವಂಥ ಹುಡುಗಿ ನಮ್ಮ ಹುಡುಗಗ ಭಾರ ಆಗತಾಳ ನೋಡ್ರಿ."

ಹುಲೆಪ್ಪ ಅದು ಬೋರು ಎಂದ. ಬೋರಿಗೆ ಯಾರು ವರ ಹುಡುಕುತ್ತಾರೆ ಎಂದು ಆಕೆ ಎದ್ದು ಹೋದಳು. ವಾರದೊಳಗೆ ಮುಧೋಳದ ತುಂಬ ಹುಲೆಪ್ಪನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ. ನನಗೆ ಮೊದಲು ನಗು ಬಂತು, ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದೆ.

ಗ್ರಾಮಸಭೆಗೆ ಎರಡು ದಿನ ಮೊದಲು ಕಡೆಯ ಪರೀಕ್ಷೆ. ಊರ ಬೋರು ಬಂದ್ ಇಟ್ಟು ಹುಲೆಪ್ಪ ಅಲ್ಲಿ ಹುರಿ ಹಿಡಿದು ಕೂತ. ಮೊದಲು ತುಕಾರಾಮನಿಗೆ ಮೋಟರು ಹಾಕಲು ಹೇಳಿದ. ಎರಡು ತಾಸು ಓಡಿದರೂ ಊರ ಬೋರಿನ ನೀರು ಬೆರಳಷ್ಟೂ ಇಳಿಯಲಿಲ್ಲ. ಅದು ನಿಂತ ಮೇಲೆ ಶೀತಲ್ ಅಣ್ಣಾರ ಸರದಿ. ನಾನು ಅವರ ತೋಟದಲ್ಲಿ ಮೊಬೈಲು ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದೆ. ಎರಡು ತಾಸಾದ ಮೇಲೆ ಹುಲೆಪ್ಪನ ಫೋನು ಬಂತು.

"ಮಾಸ್ತರ, ಮೂರ ಗಂಟ ಇಳದೈತ್ರಿ." ಆಮೇಲೆ ಸೇರಿಸಿದ, "ಮೂರ ಗಂಟ ಬಿತ್ತಂದ್ರ ಮದುವಿ ಆತು ಅಂತ ಲೆಕ್ಕ."

ಶೀತಲ್ ಅಣ್ಣಾ ಕೇಳಿಸಿಕೊಂಡರು. ಕೂಡಲೆ ಹೋಗಿ ಮೋಟರು ಬಂದ್ ಮಾಡಿ ಬಂದು ಬದುವಿನ ಮೇಲೆ ಕೂತುಬಿಟ್ಟರು. ಪಾಪ, ಅವರಿಗೇನು ಗೊತ್ತು. ತಮ್ಮ ಹೊಲದಲ್ಲಿ ತಾವು ಬೋರು ಹಾಕಿಸಿದ್ದರು, ಅಷ್ಟೇ.

"ಊರಾಗ ಗೊತ್ತಾದ್ರ ನನ್ನ ನೀರಗಳ್ಳ ಅಂತಾರ್ರಿ ಮಾಸ್ತರ," ಎಂದರು. "ತುಕಾರಾಮಗ ಏನ ಮಾಡಿದ್ರು ನೋಡೀನಲ್ಲ. ಮಗಳ ಮೊನ್ನೆ ಅಷ್ಟ ಅತ್ತಿ ಮನಿ ಸೇರ್ಯಾಳ. ಅಕಿ ಕಿವಿಗೆ ಈ ಮಾತ ಬಿದ್ರ ಹೆಂಗ್ರಿ?"

ನಾನು ಸಂಜೆಗೆ ಹುಲೆಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅಲ್ಲಿ ಹುಲೆಪ್ಪ ಮಾಡಿದ ಕೆಲಸವನ್ನು ನಮ್ಮ ಕಡೆಯವನಲ್ಲದೆ ಬೇರೆ ಯಾರೂ ಮಾಡಲಾರರು. ಜಮಖಾನೆ ಹಾಸಿಸಿದ, ಎಲೆ ಅಡಿಕೆ ತಟ್ಟೆ ತರಿಸಿದ, ಯಾದಿ ಬರೆಯೋಣ ಎಂದ. ಮದುವೆಗೆ ಮೊದಲು ಎರಡೂ ಕಡೆಯವರು ಕೂತು, ಯಾರು ಏನು ಮಾಡಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳುವುದೇ ಯಾದಿ. ಯಾದಿ ಓದಿ ಸಕ್ಕರೆ ಹಂಚಿದರೆ ಆ ಮಾತು ತಪ್ಪುವಂತಿಲ್ಲ. ಗಂಡಿನ ಕಡೆ ಯಾರು, ಹೆಣ್ಣಿನ ಕಡೆ ಯಾರು ಎಂಬ ತೊಡಕು ಬಂತು.

"ನಾನ ಹೆಣ್ಣಿನ ಕಡೆ ಆಗ್ತೇನಿ ಬಿಡಪಾ," ಎಂದರು ಶೀತಲ್ ಅಣ್ಣಾ. "ಮೊನ್ನೆ ಅಷ್ಟ ರೂಢಿ ಆಗೇತಿ."

ನಾನು ಬರೆದೆ. ಬೆಳಿಗ್ಗೆ ಊರ ಟಾಕಿ ತುಂಬುವವರೆಗೆ ಹೆಣ್ಣಿನ ಕಡೆಯವರು ಮೋಟರು ಹಾಕುವುದಿಲ್ಲ, ತುಂಬಿದ ಕೂಡಲೆ ಗಂಡಿನ ಕಡೆಯವರು ಮಿಸ್ ಕಾಲ್ ಕೊಡುವುದು. ಈ ಸಲ ಕಬ್ಬಿಗೆ ಹರಿ ನೀರು ಹಾಯಿಸುವುದನ್ನು ನಿಲ್ಲಿಸಿ ಡ್ರಿಪ್ ಹಾಕಿಸುವುದು. ಮಳೆಗಾಲದಲ್ಲಿ ಹಳ್ಳದ ನೀರನ್ನು ಉಸುಕಿನಲ್ಲಿ ಸೋಸಿ ತೋಟದ ಹಾಳುಬಾವಿಗೆ ಇಳಿಸುವುದು, ಆ ಬಾವಿಯ ತಳದಲ್ಲಿ ಊರ ಕಡೆಗೆ ಓರೆಯಾಗಿ ಇಳಿಯುವ ಅದೇ ಸೀಳು ಕಾಣುತ್ತಿತ್ತು. ಆ ಸೀಳಿನ ಮೇಲೆ ಹೊಸ ಬೋರು ಹಾಕಿಸದಂತೆ ಎರಡೂ ಕಡೆಯವರು ನೋಡಿಕೊಳ್ಳುವುದು. ಕಡೆಯ ಸಾಲು ಶೀತಲ್ ಅಣ್ಣಾ ಕೇಳಿ ಬರೆಸಿದ್ದು: ಈ ಮಾತು ಈ ಮನೆಯ ಹೊಸ್ತಿಲು ದಾಟಬಾರದು. ಹುಲೆಪ್ಪ ಸಹಿ ಹಾಕಿ ಸಕ್ಕರೆ ಬಾಯಿಗೆ ಹಾಕಿಕೊಂಡ. ಇದನ್ನೆಲ್ಲ ನಾನು ಈಗ ಬರೆಯುತ್ತಿರುವುದು ಹೋದ ತಿಂಗಳು ಶೀತಲ್ ಅಣ್ಣಾ ತಾವೇ ಬಂದು, ನನ್ನ ಹೆಸರು ಹಾಕಿಯೇ ಬರೆಯಿರಿ ಎಂದ ಮೇಲೆ.

ಹೊರಗೆ ಬಂದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ. "ರವಿವಾರ ಸಭಾದಾಗ ಏನು ಹೇಳ್ತಿ?"

"ನೋಡೂಣ್ರಿ," ಎಂದ.

ರವಿವಾರ ಶಾಲೆಯ ಅಂಗಳ ತುಂಬಿತ್ತು. ತಾರವ್ವ ಎಲ್ಲರ ಮುಂದೆ ಕೇಳಿದರು. "ಹುಲೆಪ್ಪಣ್ಣ, ನೀರ ಯಾಕ ನಿಲ್ಲತಿತ್ತು ಹೇಳು."

ಶೀತಲ್ ಅಣ್ಣಾ ಹಿಂದಿನ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದರು. ಹುಲೆಪ್ಪ ಎದ್ದು ನಿಂತ. ಗೊತ್ತಿಲ್ಲ ಎಂದಿದ್ದರೆ ಜನ ಅರ್ಧ ಬೈದು ಬಿಡುತ್ತಿದ್ದರು. ಆದರೆ ಅದು ಸುಳ್ಳಾಗುತ್ತಿತ್ತಲ್ಲ.

"ನನಗ ಗೊತ್ತೈತ್ರಿ," ಎಂದ. "ಆದ್ರ ಹೇಳಾಕ ಬರೂದಿಲ್ಲ."

ಇದಕ್ಕಿಂತ ಕೆಟ್ಟ ಉತ್ತರವನ್ನು ದೇವರೂ ಹುಡುಕಿಕೊಡಲಾರ. ಸಭೆ ಎದ್ದು ನಿಂತಿತು. ಕಳ್ಳನ ಬಾಯಿಂದಲೇ ಬಂತು ಎಂದರು. ಗದ್ದಲ ಇಳಿದ ಮೇಲೆ ಹುಲೆಪ್ಪ ಇನ್ನೊಂದು ಮಾತು ಹೇಳಿದ.

"ತುಕಾರಾಮಂದ ಏನೂ ತಪ್ಪಿಲ್ರಿ. ಅಂವಗ ಇನ್ನ ಮ್ಯಾಲ ಯಾರೂ ಏನೂ ಅನಬ್ಯಾಡ್ರಿ."

ಕೀಲಿ ಪರಮಾನಂದನ ಕೈ ಸೇರಿತು. ಟಾಕಿ ತುಂಬಿದ ಕೂಡಲೆ ತನಗೊಂದು ಮಿಸ್ ಕಾಲ್ ಕೊಡು ಎಂದಷ್ಟೇ ಹುಲೆಪ್ಪ ಅವನನ್ನು ಬೇಡಿಕೊಂಡ. ಹಳೇ ಚಟ, ಕೊಟ್ಟರಾಯಿತು ಎಂದುಕೊಂಡ ಪರಮಾನಂದ. ನಾನು ತುಟಿ ಬಿಚ್ಚಲಿಲ್ಲ. ಅರ್ಜಿ ಬರೆಯುವಾಗ ಇದ್ದ ಧೈರ್ಯ ಆ ದಿನ ಎಲ್ಲಿ ಹೋಗಿತ್ತೋ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಾರನೇ ದಿನ ತುಕಾರಾಮನ ತೋಟಕ್ಕೆ ಹೋಗಿ ತಪ್ಪಾಯಿತು ಎಂದೆ. ಅವನು ಹತ್ತು ನಿಂಬೆಹಣ್ಣು ಕೊಟ್ಟು ಮೋಟರು ಹಾಕಲು ಹೋದ.

ಸೋಮವಾರದಿಂದಲೇ ಟಾಕಿ ತುಂಬತೊಡಗಿತು, ಪರಮಾನಂದನ ಮಿಸ್ ಕಾಲ್ ಹುಲೆಪ್ಪನ ಫೋನಿನಿಂದ ಶೀತಲ್ ಅಣ್ಣಾರಿಗೆ ದಾಟತೊಡಗಿತು. ಏಪ್ರಿಲ್ ತುಂಬಿತು, ಮೇ ತುಂಬಿತು, ಒಂದು ದಿನವೂ ಬೋರು ಬುಸ್ ಎನ್ನಲಿಲ್ಲ. ಪರಮಾನಂದನ ಕೈಗುಣ ಎಂದು ಊರೆಲ್ಲ ಹೊಗಳಿತು. "ಅಂವಾ ಹೋದ, ನೀರು ಬಂತು. ನಾ ಹೇಳಿದ್ದೆ ಇಲ್ಲೋ?" ಎಂದಳು ತುಳಸಾಬಾಯಿ. ಗಂಟಲಿಗೆ ಬಂದ ಮಾತನ್ನು ಚಹಾದ ಜೊತೆ ನುಂಗಿದೆ. ಆ ಬೇಸಿಗೆಯಲ್ಲಿ ಹುಲೆಪ್ಪ ಕೂಡಿಸಿದ್ದ ಎರಡು ಸಂಬಂಧ ಮುರಿದವು. ಅವನ ಮಾತಿನ ಮೇಲೆ ಹೆಣ್ಣು ಕೊಡುವುದಿಲ್ಲ ಎಂದು ಬೀಳಗಿಯವರು ಹೇಳಿ ಕಳಿಸಿದರು. ಅವನ ಟೋಪಿ ಗೂಟದ ಮೇಲೆಯೇ ಉಳಿಯಿತು.

ಆಗಸ್ಟ್ ಹದಿನೈದಕ್ಕೆ ಝಂಡಾ ಹಾರಿಸಿದ ಮೇಲೆ ಪಂಚಾಯತಿಯಿಂದ ಪರಮಾನಂದನಿಗೆ ಶಾಲು ಹೊದಿಸಿ ಸತ್ಕಾರ. ಹಿಂದಿನವರಿಂದ ಆಗಲಾರದ್ದನ್ನು ಈ ಹುಡುಗ ಮಾಡಿ ತೋರಿಸಿದ ಎಂದರು ತಾರವ್ವ. ಹುಲೆಪ್ಪ ನನ್ನ ಪಕ್ಕದಲ್ಲೇ ಕೂತು ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ. ನನಗೆ ತಡೆಯಲಾಗಲಿಲ್ಲ, ಮಾತಾಡಲೆಂದು ಎದ್ದೆ. ಅವನು ನನ್ನ ಧೋತರದ ಚುಂಗು ಹಿಡಿದು ಕೆಳಗೆ ಎಳೆದ.

"ಕುಂಡ್ರಿ ಮಾಸ್ತರ."

"ನಿನ್ನ ಹೆಸರು ಹಾಳಾತಲ್ಲೋ, ಹುಲೆಪ್ಪ. ನಿನಗ ಏನೂ ಅನಸೂದಿಲ್ಲೇನು?"

"ಅನಸತೈತ್ರಿ," ಎಂದ. "ಆದ್ರ ಲಗ್ನ ಮಾಡಿಸಿದಾಂವನ ಹೆಸರ ಯಾವಾಗ ತಗೀತಾರ ಹೇಳ್ರಿ? ಗಂಡ ಹೆಂಡತಿ ಬಡದಾಡಿದಾಗ. ಅವರು ಛಂದಂಗ ಬಾಳಿದ್ರ ನನ್ನ ಯಾರ ನೆನಸ್ತಾರ? ನೂರಾ ಎಂಬತ್ತ ಮನ್ಯಾಗ ನನ್ನ ಮರತಾರ್ರಿ. ಇದು ನೂರಾ ಎಂಬತ್ತೊಂದು. ಚಪ್ಪಾಳಿ ಹೊಡೀರಿ, ಆ ಹುಡುಗ ನಿಮ್ಮನ್ನ ನೋ‌ಡಾಕತ್ತಾನ."

ಪರಮಾನಂದ ಶಾಲು ಹೊದ್ದು ನಮ್ಮ ಕಡೆಗೇ ನೋಡಿ ನಗುತ್ತಿದ್ದ. ನಾನು ಚಪ್ಪಾಳೆ ಹೊಡೆದೆ. ಜೀವಮಾನದಲ್ಲಿ ಅಷ್ಟು ಸಿಟ್ಟಿನಿಂದ ಚಪ್ಪಾಳೆ ಹೊಡೆದದ್ದು ಅದೊಂದೇ ಸಲ.